ಬಾವಿಗಿಳಿದ ಬೆಳ್ಳಿ

ಮತ ಹಾಕಿ ಬಂದು ಇಷ್ಟು ದಿನವಾದರೂ ಎಡಗೈ ತೋರುಬೆರಳಿನ ಕಪ್ಪು ಹೋಗಿಲ್ಲ. ಸಾಬೂನು ಸೋತಿತು, ಪಾತ್ರೆ ತಿಕ್ಕುವ ನಾರು ಸೋತಿತು, ಲಿಂಬೆಹುಳಿಯೂ ಸೋತಿತು. ಅದು ಹೋಗುವುದಿಲ್ಲ ಎಂದು ನನಗೆ ಚೆನ್ನಾಗಿಯೇ ಗೊತ್ತು. ಬ್ರಹ್ಮಾವರದ ಕಾಲೇಜೊಂದರಲ್ಲಿ ವರ್ಷವರ್ಷವೂ ಹ್ಯಾಲೋಜನ್‌ಗಳ ಪಾಠ ಮಾಡುವವಳು ನಾನು. ಆ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಅಂದರೆ ಕರಗಿದ ರೂಪದ ಬೆಳ್ಳಿ. ನಮ್ಮ ಬೆವರಿನ ಉಪ್ಪಿನಲ್ಲಿ ಕ್ಲೋರಿನ್ ಇದೆ. ಇವೆರಡೂ ಚರ್ಮದ ಮೇಲೆ ಭೇಟಿಯಾದರೆ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಅದು ನೀರಿಗೆ ಕರಗುವುದಿಲ್ಲ, ಬಿಸಿಲು ಕಂಡರೆ ಕಪ್ಪಾಗುತ್ತದೆ. ಮಕ್ಕಳಿಗೆ ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸಿ, ಮನೆಗೆ ಬಂದು ಬಚ್ಚಲಲ್ಲಿ ನಿಂತು ಬೆರಳು ತಿಕ್ಕುತ್ತೇನೆ. ಓದಿದ್ದು ತಲೆಯಲ್ಲಿ ಎಲ್ಲೋ ಒಂದು ಕಡೆ ಕೂತಿರುತ್ತದೆ. ಕೈಗೆ ಅದರ ಸುದ್ದಿಯೇ ತಲುಪಿರುವುದಿಲ್ಲ.

ಇದೇ ಬೆರಳು ಹಿಂದೆಯೂ ಒಮ್ಮೆ ಹೀಗೆಯೇ ಕಪ್ಪಾಗಿತ್ತು. ಆಗ ಚುನಾವಣೆ ಇರಲಿಲ್ಲ. ನನ್ನ ಶೇಖರ ಮಾವನ ಮದುವೆಯ ಮಾತುಕತೆ ಇತ್ತು.

ಮುಂದೆ ಹೇಳುವ ಮೊದಲು ಒಂದು ಮಾತು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಡಿ. ದಿನಚರಿ ಬರೆಯುವ ಅಭ್ಯಾಸ ನನಗಿದೆ, ಅದನ್ನೇ ತೆಗೆದು ನೋಡಬಾರದೇ ಎಂದು ನೀವು ಕೇಳಬಹುದು. ನೋಡಿದೆ. ನಮ್ಮ ಮನೆತನದ ಭವಿಷ್ಯ ತೀರ್ಮಾನವಾದ ಆ ದಿನದ ಪುಟದಲ್ಲಿ ನಾನು ಬರೆದದ್ದು ಇಷ್ಟೇ: "ವಿಪರೀತ ಸೆಕೆ. ಹಲಸಿನ ಹಣ್ಣು ಜಾಸ್ತಿಯಾಯಿತು. ಹೊಟ್ಟೆ ಸರಿಯಿಲ್ಲ." ಇಂಥ ಸಾಕ್ಷಿಯನ್ನು ಇಟ್ಟುಕೊಂಡು ಯಾರಾದರೂ ಚರಿತ್ರೆ ಬರೆಯುವುದು ಹೇಗೆ?

ಅಮ್ಮಮ್ಮನ ಮನೆ, ಅಂದರೆ ನನ್ನ ಅಮ್ಮನ ತಾಯಿಯ ಮನೆ, ಇರುವುದು ಹಟ್ಟಿಯಂಗಡಿಯ ಹೊಳೆಬದಿಯಲ್ಲಿ. ಮಳೆಗಾಲದಿಂದ ಚಳಿ ಮುಗಿಯುವವರೆಗೆ ಅಲ್ಲಿನ ಬಾವಿಯ ನೀರು ಎಳನೀರಿನ ತಂಗಿ. ಬೇಸಿಗೆಯಲ್ಲಿ ಮಾತ್ರ ಸಮುದ್ರದ ಉಬ್ಬರ ಹೊಳೆಯಲ್ಲಿ ಮೇಲೇರಿ ಬಂದು ಬಾವಿಯೊಳಗೂ ಮುಖ ಹಾಕುತ್ತದೆ. ಆಗ ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ಚಹಾಕ್ಕೆ ಹಾಕಿದ ಹಾಲಿನ ಗತಿ ದೇವರಿಗೇ ಪ್ರೀತಿ. ಕುಡಿಯುವ ನೀರನ್ನು ಹಿಂದಿನ ಗುಡ್ಡ ಹತ್ತಿ ಮೇಲ್ಮನೆಯ ಬಾವಿಯಿಂದ ತರಬೇಕು. ಊರಿನಲ್ಲಿ ಅದೇನೂ ವಿಶೇಷವಲ್ಲ. ಆದರೆ ಹೆಣ್ಣು ಕೊಡುವವರಿಗೆ ಅದು ವಿಶೇಷ. ಕೊಡಪಾನ ಹೊತ್ತು ಗುಡ್ಡ ಹತ್ತಿಳಿಯುವುದು ಯಾವತ್ತೂ ಮನೆಗೆ ಬಂದ ಸೊಸೆಯ ಪಾಲಿಗೇ ಬರುವ ಕೆಲಸ ಎಂದು ಅವರಿಗೆ ಗೊತ್ತು. ಹಾಗಾಗಿ ಗಂಡಿನ ಮನೆ ನೋಡಲು ಬಂದವರು ತೆಂಗಿನ ಮರ ಎಣಿಸುವ ಮೊದಲು ಬಾವಿಕಟ್ಟೆಗೆ ಹೋಗುತ್ತಿದ್ದರು. ಶೇಖರ ಮಾವನಿಗೆ ಬಂದ ಹಿಂದಿನ ಎರಡು ಸಂಬಂಧಗಳೂ ಆ ಕಟ್ಟೆಯ ಮೇಲೆಯೇ ಮುಗಿದಿದ್ದವು. ಕೋಟದ ಕಡೆಯಿಂದ ಬಂದ ಒಬ್ಬರು ಬಾಯಿ ಮುಕ್ಕಳಿಸಿ ಉಗಿದು ಹೇಳಿದ ಮಾತನ್ನು ಅಮ್ಮಮ್ಮ ಇಂದಿಗೂ ಅವರದೇ ದನಿಯಲ್ಲಿ ಹೇಳುತ್ತಾಳೆ:

"ಹುಡ್ಗ ಅಡ್ಡಿಲ್ಲೆ. ನೀರ್ ಆತ್ತಿಲ್ಲೆ."

ಮಾವ ತೆಂಗಿನಕಾಯಿ ವ್ಯಾಪಾರದವನು. ಸಾಧು. ಮಾತು ಎಷ್ಟು ಕಡಿಮೆ ಎಂದರೆ, ಫೋನಿನಲ್ಲಿ ಅವನು ಹಲೋ ಎನ್ನುವುದಕ್ಕೂ ಎದುರಿನವರೇ ಸಹಾಯ ಮಾಡಬೇಕು. ವಯಸ್ಸು ಏರುತ್ತಿತ್ತು, ಕೂದಲು ಇಳಿಯುತ್ತಿತ್ತು. ಅದಕ್ಕೂ ಉಪ್ಪುನೀರೇ ಕಾರಣ ಎಂದು ಅಮ್ಮಮ್ಮ. ಹೀಗಿರುವಾಗ ಬೈಂದೂರಿನಿಂದ ಮೂರನೆಯ ಸಂಬಂಧ ಬಂತು. ಹುಡುಗಿಯ ಹೆಸರು ಸುಮಿತ್ರಾ. ಮನೆ ನೋಡಲು ಬರುವವರು ಮಳೆ ಬಿದ್ದ ಮೇಲೆ ಬರಲಿ ಎಂದು ಅಮ್ಮಮ್ಮ ನಾನಾ ನೆಪ ಹೇಳಿ ನೋಡಿದಳು. ಆ ಕಡೆಯವರಿಗೂ ಅಂಥ ನೆಪಗಳ ಅನುಭವವಿತ್ತೋ ಏನೋ, ಸರಿಯಾಗಿ ನಡು ಬೇಸಿಗೆಗೇ ದಿನ ಇಟ್ಟರು.

ಅಷ್ಟರಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಬಂದೆ. ನನ್ನ ಪ್ರಾಜೆಕ್ಟ್ ಬಾವಿ ನೀರಿನ ಮೇಲೆಯೇ ಇದ್ದುದರಿಂದ ಚೀಲದಲ್ಲಿ ಸಿಲ್ವರ್ ನೈಟ್ರೇಟಿನ ಒಂದು ಪುಟ್ಟ ಕಂದು ಶೀಷೆ ಇತ್ತು. ಅಮ್ಮಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಶೀಷೆಯಲ್ಲ, ನನ್ನ ಬೆರಳು.

"ಕೈಗೆಂತ ಹೆಣೆ ಮಸಿ? ಒಲಿ ಹತ್ರ ಹೋಪುದೇ ಇಲ್ಲೆ ನೀನ್."

"ಬೆಳ್ಳಿ ಮದ್ದ್ ಅಮ್ಮಮ್ಮ. ನೀರಗೆ ಉಪ್ಪಿತ್ತಾ ಕಾಂಬುಕೆ."

ಅಮ್ಮಮ್ಮ ಹೆರೆಮಣೆಯಿಂದ ಎದ್ದೇ ಬಿಟ್ಟಳು. "ಉಪ್ಪಿತ್ ಅಂದೇಳಿ ನಂಗೇ ಗೊತ್ತಿತ್. ತೆಗೂಕೆ ಮದ್ದ್ ಇತ್ತಾ ಹೇಳ್. ಇಷ್ಟ್ ವರ್ಷ ಆಯ್ತಲೆ ಓದುಕೆ ಹಿಡ್ದ್!"

ಈ ಪ್ರಶ್ನೆಗೆ "ಇಲ್ಲ" ಎಂದು ಹೇಳಿ ಮುಗಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಆಗಷ್ಟೇ ಕಲಿತವರಿಗೆ "ಇಲ್ಲ" ಎಂಬ ಪದ ಬರುವುದಿಲ್ಲ, ಪಾಠ ಬರುತ್ತದೆ. ಜಗಲಿಯ ಮೇಲೆ ಕೂತು ಶುರು ಮಾಡಿದೆ. ಹ್ಯಾಲೋಜನ್ ಎಂದ ಕೂಡಲೇ ಮಾವ ತಲೆಯೆತ್ತಿದ. ಅವನ ಮಟ್ಟಿಗೆ ಅದು ಯಕ್ಷಗಾನದ ರಂಗಸ್ಥಳಕ್ಕೆ ಕಟ್ಟುವ ಕಣ್ಣು ಕುಕ್ಕುವ ದೀಪ. ಆ ದೀಪದೊಳಗೂ ಇದೇ ಕುಟುಂಬದವರು ಚೂರು ಇರುತ್ತಾರೆ ಎಂದೆ. ಮಾವ ಗೌರವದಿಂದ ಕೇಳತೊಡಗಿದ.

ಕುಂದಾಪುರದ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನನ್ನು ನೋಡಿದ್ದೀರಲ್ಲ? ಬಸ್ಸಿನಲ್ಲಿ ಒಂದೇ ಒಂದು ಸೀಟು ಖಾಲಿ ಇದ್ದರೂ ಅವನ ಜೀವ ನಿಲ್ಲುವುದಿಲ್ಲ. ಬೇರೆ ಬಸ್ಸಿಗೆ ಕಾಯುತ್ತ ನಿಂತವರ ಚೀಲ ಹಿಡಿದು ಎಳೆಯುತ್ತಾನೆ. ಹ್ಯಾಲೋಜನ್‌ಗಳೂ ಹಾಗೆ. ಅವುಗಳ ಹೊರಗಿನ ಸಾಲಿನಲ್ಲಿ ಒಂದು ಎಲೆಕ್ಟ್ರಾನಿನ ಜಾಗ ಖಾಲಿ. ಆ ಒಂದು ಜಾಗ ತುಂಬುವುದಕ್ಕಾಗಿ ಸಿಕ್ಕಿದವರ ಮೈಮೇಲೆ ಬೀಳುತ್ತವೆ. ಫ್ಲೋರಿನ್ ಎಲ್ಲರಿಗಿಂತ ಜೋರು, ಗಾಜನ್ನೂ ಬಿಡುವುದಿಲ್ಲ. ಆಮೇಲೆ ಕ್ಲೋರಿನ್. ಆಮೇಲೆ ಬ್ರೋಮಿನ್, ಮೈಯೆಲ್ಲ ಕೆಂಪು, ಹತ್ತಿರ ಹೋದರೆ ಮೂಗು ಬಿಡಲಾಗದ ನಾತ. ಕೊನೆಗೆ ಅಯೋಡಿನ್, ಗಾಯಕ್ಕೆ ಹಚ್ಚುವ ಟಿಂಚರು, ಕುಟುಂಬದ ಸಮಾಧಾನಿ. ಕ್ಲೋರಿನ್ ಬಂದರೆ ಬ್ರೋಮಿನ್, ಅಯೋಡಿನ್ ಇಬ್ಬರೂ ಎದ್ದು ಸೀಟು ಬಿಡಬೇಕು. ಇನ್ನು ಸೋಡಿಯಂ ಅಂದರೆ ಬಸ್ಸಿನಲ್ಲಿ ಕಂಕುಳ ಮಗುವಿನೊಡನೆ ನಿಂತ ಹೆಂಗಸು. ಅವಳಿಗೆ ಎಲೆಕ್ಟ್ರಾನೆಂಬ ಆ ಮಗುವನ್ನು ಯಾರ ಮಡಿಲಲ್ಲಾದರೂ ಕೂರಿಸಿದರೆ ಸಾಕು. ಕ್ಲೋರಿನ್ ಮಡಿಲು ಒಡ್ಡುತ್ತದೆ. ಅಲ್ಲಿಗೆ ಉಪ್ಪು ಆಯಿತು.

"ಹಾಂಗಾರೆ ಅದ್ನ ಬಸ್ಸಿಂದ ಇಳ್ಸುದ್ ಹ್ಯಾಂಗೆ?" ಅಮ್ಮಮ್ಮ ನೇರ ವಿಷಯಕ್ಕೆ ಬಂದಳು.

"ಇಳಿತಿಲ್ಲೆ. ನೀರಗೆ ಆರಾಮ ಇರ್ತ್. ಬೆಳ್ಳಿ ಸಿಕ್ರೆ ಮಾತ್ರ ಅದ್ರೊಟ್ಟಿಗೆ ಅಂಟ್ಕಂಡ್ ಅಡಿಗೆ ಹೋಯಿ ಕೂಕಂತ್. ಮತ್ತೆ ಏಳುದೇ ಇಲ್ಲೆ."

ಹೇಳಿ ಸುಮ್ಮನಾಗಲಿಲ್ಲ. ಒಂದು ಗಾಜಿನ ಲೋಟದಲ್ಲಿ ಬಾವಿ ನೀರು ಹಿಡಿದು ಶೀಷೆಯಿಂದ ಒಂದು ಹನಿ ಬಿಟ್ಟೆ. ತಿಳಿಯಾಗಿದ್ದ ನೀರು ನೋಡುತ್ತಿದ್ದಂತೆ ಬೆಳ್ಳಗಾಗಿ, ಹಾಲು ಒಡೆದಂತೆ ಗಷ್ಟುಗಷ್ಟಾಗಿ ಕೆಳಗಿಳಿಯಿತು. ಅಮ್ಮಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನನ್ನ ಇಡೀ ವಿದ್ಯಾಭ್ಯಾಸಕ್ಕೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆ ಅದು. ಆಮೇಲೆ ಸಿಕ್ಕ ಪದವಿ ಪತ್ರ ಅದರ ಮುಂದೆ ಏನೇನೂ ಅಲ್ಲ. ಆ ಸಂತೋಷದಲ್ಲಿ, ಶೀಷೆಯಲ್ಲಿರುವುದು ಆಮ್ಲದಲ್ಲಿ ಕರಗಿಸಿದ ಬೆಳ್ಳಿ, ಗಟ್ಟಿ ಬೆಳ್ಳಿಗೆ ಉಪ್ಪುನೀರಿನಲ್ಲಿ ಹೀಗೆ ಕೆಲಸ ಮಾಡಲು ಬರುವುದಿಲ್ಲ ಎಂಬ ಸಣ್ಣ ಸಂಗತಿಯನ್ನು ಹೇಳಿದೆನೋ ಇಲ್ಲವೋ. ಹೇಳಿದೆ ಎಂದು ನನ್ನ ನೆನಪು. ಹೇಳಲಿಲ್ಲ ಎಂದು ಅಮ್ಮಮ್ಮನ ನೆನಪು. ಹೇಳಿದ್ದರೂ ಒಡೆದ ಹಾಲನ್ನು ಕಣ್ಣಾರೆ ಕಂಡ ಮೇಲೆ ಯಾರು ಕೇಳುತ್ತಾರೆ?

ಇದರ ನಡುವೆ ಪಂಚಾಯ್ತಿಯಿಂದ ಬಂದ ಹೆಂಗಸರು ಎಲ್ಲ ಮನೆಗಳಂತೆ ನಮ್ಮ ಬಾವಿಗೂ ಬ್ಲೀಚಿಂಗ್ ಪುಡಿ ಹಾಕಿ ಹೋದರು. ಅದೂ ಕ್ಲೋರಿನ್ನಿನ ಸಂಸಾರವೇ. ಬಾವಿಕಟ್ಟೆಯಲ್ಲಿ ಆಸ್ಪತ್ರೆಯ ವರಾಂಡದ ವಾಸನೆ. ಉಪ್ಪಿನ ಮೇಲೆ ಇನ್ನಷ್ಟು ಉಪ್ಪಿನ ಬಂಧುಗಳು. "ಒಂದ್ ಕಂಡಕ್ಟ್ರ್ ಸಾಲ ಅಂದ್ ಇನ್ನೊಬ್ಬ ಬಂದ" ಎಂದು ಅಮ್ಮಮ್ಮ ಗೊಣಗಿದಳು. ಪಾಠ ಅವಳಿಗೆ ಅಷ್ಟು ಚೆನ್ನಾಗಿ ಹಿಡಿದಿತ್ತು.

ಬೈಂದೂರಿನವರು ಬರುವ ದಿನ ಬಂತು. ಯೋಜನೆ ಸರಳವಾಗಿತ್ತು. ಮೇಲ್ಮನೆಯ ನೀರನ್ನು ಮೊದಲೇ ತಂದಿಟ್ಟುಕೊಳ್ಳುವುದು. ಬಂದವರಿಗೆ ನಮ್ಮ ಕಡೆಯ ಪದ್ಧತಿಯಂತೆ ಬೆಲ್ಲ ನೀರು ಕೊಡುವುದು. ಬೆಲ್ಲದ ತುಂಡು ಮಾಮೂಲಿಗಿಂತ ದೊಡ್ಡದಿರಲಿ ಎಂದು ಅಮ್ಮಮ್ಮನ ತಿದ್ದುಪಡಿ. ಬಾಯಿ ಸಿಹಿಯಾದ ಮೇಲೆ ಯಾವ ಬಾವಿಯ ನೀರಾದರೂ ಸಿಹಿಯೇ ಎಂಬ ಲೆಕ್ಕಾಚಾರ.

ಬಂದವರು ಸುಮಿತ್ರಾ, ಅವಳ ತಾಯಿ, ಮತ್ತು ದೊಡ್ಡಪ್ಪ. ದೊಡ್ಡಪ್ಪ ಬಹಳ ವರ್ಷ ಮುಂಬಯಿಯ ಹೋಟೆಲಿನಲ್ಲಿ ಚಹಾದ ಕೌಂಟರ್ ನೋಡಿಕೊಂಡವರು. ಅವರನ್ನು ಕರೆತಂದದ್ದೇ ನಾಲಗೆಯ ಸಲುವಾಗಿ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು.

"ಬನಿ ಬನಿ, ಕೂಕಣಿ. ಬೆಲ್ಲ ತಕಣಿ."

"ಬೆಲ್ಲ ಬ್ಯಾಡ ಮಾರಾಯ್ರೆ, ನಂಗೆ ಶುಗರ್. ಬರೀ ನೀರ್ ಕೊಡಿ."

ಯೋಜನೆಯ ಅರ್ಧ ಅಲ್ಲೇ ಬಿದ್ದುಹೋಯಿತು. ಸ್ಟೀಲ್ ಲೋಟದಲ್ಲಿ ನೀರು ಹೋಯಿತು. ನೆಂಟರಿಗೆ ಯಾವತ್ತೂ ಬೆಳ್ಳಿ ಲೋಟ ತೆಗೆಯುವ ಅಮ್ಮಮ್ಮ ಇವತ್ತೇಕೆ ಸ್ಟೀಲಿಗಿಳಿದಳು ಎಂದು ನನಗೆ ಒಂದು ಕ್ಷಣ ಅನ್ನಿಸಿದ್ದು ನಿಜ. ಹೊಟ್ಟೆಯಲ್ಲಿ ಹಲಸಿನ ಹಣ್ಣು ಮಾತಾಡುತ್ತಿದ್ದುದರಿಂದ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ದೊಡ್ಡಪ್ಪ ನೀರನ್ನು ಬಾಯೊಳಗೆ ಆ ಕಡೆ ಈ ಕಡೆ ಆಡಿಸಿ ನುಂಗಿದರು.

"ಏಕ್‌ದಂ ಬರೋಬರ್! ಇಂಥ ಪಾನಿ ಇದ್ರೆ ಚಾಕ್ಕೆ ಹಾಲೂ ಬ್ಯಾಡ. ಬಾವಿ ಕಾಂಬ ಬನಿ."

"ಬಿಸ್ಲ್ ಇತ್ ಹೊರ್ಗೆ" ಎಂದಳು ಅಮ್ಮಮ್ಮ.

"ಮುಂಬಯಿಯಗೆ ಒಲಿ ಮುಂದೆ ನಿಂತವ ನಾನ್. ಬಿಸ್ಲ್ ಎಂತ ಮಾಡ್ತ್?"

ಎಲ್ಲರೂ ಅವರ ಹಿಂದೆ ಹೊರಟೆವು. ಮಾವ ಎಲ್ಲರ ಹಿಂದೆ. ಬಾವಿಯ ಕಂಬಕ್ಕೆ ಎರಡು ಹಗ್ಗ ಕಟ್ಟಿತ್ತು. ಒಂದು ರಾಟೆಯ ಹಗ್ಗ. ಇನ್ನೊಂದು, ನಾನು ಎಂದೂ ನೋಡಿರದ, ಕತ್ತದ ಹಗ್ಗ. ಹತ್ತಿರವಿದ್ದದ್ದು ಅದೇ. ದೊಡ್ಡಪ್ಪ ಹಿಡಿದು ಎಳೆಯತೊಡಗಿದರು.

"ಅದಲ್ಲ, ಅದಲ್ಲ!" ಎಂದು ಅಮ್ಮಮ್ಮ ಓಡಿದಳು. ಅಷ್ಟು ವೇಗವಾಗಿ ಅವಳು ಓಡಿದ್ದನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ತಡವಾಗಿತ್ತು. ಹರಿದ ಮೀನುಬಲೆಯ ತುಂಡೊಂದು ಗಂಟಾಗಿ ಮೇಲೆ ಬಂತು. ನೀರು ಸೋರಿಸುತ್ತ ಬಂದ ಆ ಗಂಟಿನೊಳಗೆ ಬೆಳ್ಳಿ ಲೋಟ, ಆರತಿ ತಟ್ಟೆ, ಕುಂಕುಮದ ಭರಣಿ, ಅಮ್ಮಮ್ಮನ ಹಳೆಯ ಕಾಲ್ಗೆಜ್ಜೆ, ಮತ್ತು, ಇದನ್ನು ಹೇಳಲು ಈಗಲೂ ಮುಜುಗರ, ನಾನು ಮಗುವಾಗಿದ್ದಾಗ ಸೊಂಟಕ್ಕೆ ಕಟ್ಟಿದ್ದ ಬೆಳ್ಳಿಯ ಉಡಿದಾರ. ಎಲ್ಲವೂ ಕರಿ ಹಿಡಿದಿದ್ದವು.

ದೊಡ್ಡಪ್ಪ ಗಂಟನ್ನು ಮುಖದೆದುರು ಹಿಡಿದು ತಿರುಗಿಸಿದರು. "ಹ್ವಾಯ್! ಇದೆಂತ ಮಾರಾಯ್ರೆ? ಬಾವಿಯಾ, ಬ್ಯಾಂಕಾ?"

ಅಮ್ಮಮ್ಮ ಹಿಂದೆ ಮುಂದೆ ನೋಡದೆ ನನ್ನ ಕಡೆ ಕೈ ತೋರಿಸಿದಳು. "ಇವ್ಳೇ ಹೇಳದ್ದ್. ಎಮ್ಮೆಸ್ಸಿ."

ಎಲ್ಲರೂ ನನ್ನನ್ನು ನೋಡಿದರು. ವಿಜ್ಞಾನದ ಇಡೀ ಭಾರ ನನ್ನ ಹೆಗಲ ಮೇಲೆ. ಆಗ ಸುಮಿತ್ರಾ ಮೊದಲ ಸಲ ಮಾತಾಡಿದಳು. ಅವಳು ಪಿಯುಸಿಯಲ್ಲಿ ವಿಜ್ಞಾನ ಓದಿದವಳು ಎಂದು ನಮಗೆ ಯಾರೂ ಹೇಳಿರಲಿಲ್ಲ.

"ಅಯ್ಯೋ, ಕ್ಲೋರೈಡ್ ತೆಗೂಕೆ ಬೆಳ್ಳಿ ಹಾಕಿದ್ರಾ?"

ಕೇಳಿದವಳೇ ನಗಲು ಶುರು ಮಾಡಿದಳು. ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ನಗುವ ನಗು ಅದಾಗಿರಲಿಲ್ಲ. ಬಾವಿಕಟ್ಟೆ ಹಿಡಿದು ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಿಲ್ಲಿಸಿ, ಉಡಿದಾರ ಕಂಡು ಮತ್ತೆ ಶುರು ಮಾಡಿ ನಕ್ಕಳು. ಅವಳ ತಾಯಿ ಕಣ್ಣಿನಲ್ಲೇ ಗದರಿಸಿದರು. ಉಪಯೋಗವಾಗಲಿಲ್ಲ.

ಅಮ್ಮಮ್ಮ ಮಾತ್ರ ಗಂಭೀರ. "ನಗಾಡ್ಬೇಡ ಹೆಣೆ. ಕಾಣ್, ಕಪ್ಪ್ ಆಯಿತ್ ಬೆಳ್ಳಿ. ಉಪ್ಪ್ ಎಳ್ಕಂಡಿತ್."

ಇಲ್ಲಿ ನನ್ನ ಕಷ್ಟ ನೋಡಿ. ಅವಳು ಹೇಳಿದ್ದು ಪೂರ್ತಿ ತಪ್ಪು ಎಂದು ಹೇಳುವಂತಿರಲಿಲ್ಲ. ಬ್ಲೀಚಿಂಗ್ ಪುಡಿಯಿಂದ ಬಿಟ್ಟುಕೊಂಡ ಕ್ಲೋರಿನ್ ಗಟ್ಟಿ ಬೆಳ್ಳಿಯನ್ನೂ ಕಚ್ಚುತ್ತದೆ, ಮೇಲ್ಮೈಯಲ್ಲಿ ತೆಳ್ಳಗೆ ಸಿಲ್ವರ್ ಕ್ಲೋರೈಡ್ ಕಟ್ಟುತ್ತದೆ, ಅದು ಬೆಳಕಿಗೆ ಕಪ್ಪಾಗುತ್ತದೆ. ಅಂದರೆ ಬೆಳ್ಳಿ ಸ್ವಲ್ಪ ಕ್ಲೋರಿನ್ನನ್ನು ಹಿಡಿದದ್ದು ಹೌದು. ಬಾವಿಯಲ್ಲಿದ್ದ ಉಪ್ಪಿಗೆ ಹೋಲಿಸಿದರೆ ಅದು ಹೊಳೆಯಿಂದ ಚಮಚೆಯಲ್ಲಿ ನೀರು ತೆಗೆದಂತೆ, ಅಷ್ಟೆ.

ಗಲಾಟೆಯಲ್ಲಿ ಮರೆಯಬಹುದು ಎಂದುಕೊಂಡಿದ್ದೆವು. ದೊಡ್ಡಪ್ಪ ಮರೆಯಲಿಲ್ಲ. ಈ ಸಲ ಸರಿಯಾದ ಹಗ್ಗ ಹಿಡಿದು ನೀರು ಸೇದಿದರು, ಬೊಗಸೆಯಲ್ಲಿ ಹಿಡಿದು ಕುಡಿದರು, ಸೀದಾ ಬಾಳೆಬುಡಕ್ಕೆ ಉಗಿದರು.

"ಥೋ! ಇದ್ ಅರಬ್ಬಿ ಸಮುದ್ರ. ಹಾಂಗಾರೆ ಒಳ್ಗೆ ಕೊಟ್ಟದ್ದ್ ಯಾವ್ ನೀರ್?"

ಸುಮಿತ್ರಾಳ ನಗು ನಿಂತಿತು. ಅಮ್ಮಮ್ಮ ಕಾಲ್ಗೆಜ್ಜೆಯನ್ನು ಸೆರಗಿನಲ್ಲಿ ತಿಕ್ಕತೊಡಗಿದಳು, ಅದೇ ಆಗ ಅತಿ ಅವಸರದ ಕೆಲಸವೆಂಬಂತೆ. ಮೂರನೆಯ ಸಂಬಂಧವೂ ಅದೇ ಕಟ್ಟೆಯ ಮೇಲೆ ಕೂತು ಹೊರಡಲು ಸಿದ್ಧವಾಗುತ್ತಿತ್ತು.

ಆಗ ಶೇಖರ ಮಾವ ಮುಂದೆ ಬಂದ. ಅವನು ಆಡಿದ ಮಾತು ನನ್ನ ಕಿವಿಯಲ್ಲಿ ಇಂದಿಗೂ ಇದೆ. "ಹೌದ್, ಬ್ಯಾಸ್ಗಿಯಗೆ ನಮ್ ನೀರ್ ಉಪ್ಪೇ. ಕುಡುಕೆ ಮೇಲ್ಮನೆಯಿಂದ ತರ್ಕ್. ಆರೆ ಅವ್ರ್ ಹೊರುದ್ ಬೇಡ. ನಾ ಇದ್ದಷ್ಟ್ ದಿನ ನಾನೇ ಹೊತ್ಕಂಡ್ ಬತ್ತೆ." ಹೇಳುವಾಗ ಅವನ ದನಿ ಸ್ವಲ್ಪ ನಡುಗಿತು. ಬಾವಿಕಟ್ಟೆಯ ಮೇಲಿನ ಕಾಗೆ ಕೂಡ ಸುಮ್ಮನಾಯಿತು.

ಕಾಗೆಯ ವಿಷಯ ಬರೆದ ಕೂಡಲೇ ನನಗೇ ಅನುಮಾನ ಬಂತು.

ಮದುವೆ ಆಯಿತು, ಅದರಲ್ಲಿ ಅನುಮಾನವಿಲ್ಲ, ಫೋಟೋ ಇದೆ. ಮದುವೆಯ ಮುಂಚೆಯೇ ಮಳೆ ಹಿಡಿದು ಬಾವಿ ಸಿಹಿಯಾಯಿತು. ಅಮ್ಮಮ್ಮ ಅದನ್ನು ಬೆಳ್ಳಿಯ ಖಾತೆಗೆ ಜಮಾ ಮಾಡಿದಳು, ಮಳೆಗೆ ಚಿಕ್ಕಾಸೂ ಕೊಡಲಿಲ್ಲ. ಹುಣಿಸೆಹುಳಿ, ಬೂದಿ ಹಾಕಿ ತಿಕ್ಕಿದ ಮೇಲೆ ಬೆಳ್ಳಿ ಬೆಳ್ಳಗಾಯಿತು, ಲೋಟದ ಕಂಠದ ಒಳಗೆ ಮಾತ್ರ ಒಂದು ಕಪ್ಪು ಕಲೆ ಉಳಿಯಿತು. ಅದರಲ್ಲಿ ನನಗೇ ನೀರು ಕೊಡುತ್ತಾರೆ, ಪ್ರತಿ ಸಲ.

ಈ ಬೆರಳಿನ ಕಪ್ಪಿನಿಂದಾಗಿ ಇದೆಲ್ಲ ನೆನಪಾಗಿ, ಮೊನ್ನೆ ಭಾನುವಾರ ಬಸ್ಸು ಹಿಡಿದೆ. ಸಾಸ್ತಾನದ ಟೋಲ್ ದಾಟುವಾಗಲೇ ಸೆಕೆಗೆ ತಲೆ ಕಾದಿತ್ತು. ಕುಂದಾಪುರದಲ್ಲಿ ಇಳಿದು ಹಟ್ಟಿಯಂಗಡಿಯ ಬಸ್ಸು ಹತ್ತುವಾಗ ಕಂಡಕ್ಟರ್ ಚೀಲ ಹಿಡಿದು ಎಳೆದ. ಒಂದೇ ಸೀಟು ಖಾಲಿ ಇತ್ತು. ಮನೆಗೆ ಹೋದರೆ ಜಗಲಿಯಲ್ಲಿ ಅಮ್ಮಮ್ಮ ತನ್ನ ಬೆರಳನ್ನೇ ನೋಡುತ್ತ ಕೂತಿದ್ದಳು. ವಯಸ್ಸು ಬೆನ್ನಿಗೆ ಬಂದಿದೆ, ನಾಲಗೆಗೆ ಇನ್ನೂ ಬಂದಿಲ್ಲ. ಮಾವ ಅವಳನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋಗಿ ಮತ ಹಾಕಿಸಿದ್ದ.

"ಇದೆಂತ ಹೆಣೆ, ಎಷ್ಟ್ ತಿಕ್ಕಿರೂ ಹೋತಿಲ್ಲೆ?"

"ಬೆಳ್ಳಿ ಮದ್ದ್ ಅಮ್ಮಮ್ಮ. ಬೆವ್ರಿನ ಉಪ್ಪ್ ಹಿಡ್ಕಂಡ್ ಕಪ್ಪ್ ಆತ್ತ್."

ಅವಳು ಬೆರಳನ್ನು ಎತ್ತಿ ಹಿಡಿದಳು, ನ್ಯಾಯಾಧೀಶರಿಗೆ ತೋರಿಸುವಂತೆ. "ಕಂಡ್ಯಾ? ಸರ್ಕಾರಕ್ಕೆ ಗೊತ್ತಾಯ್ತ್. ನೀವೆಲ್ಲ ಅಂದ್ ನಗಾಡಿರಿ."

ಸುಮಿತ್ರತ್ತೆ ಒಳಗಿನಿಂದ ಲೋಟ ಹಿಡಿದು ಬಂದಳು, ಕಲೆಯ ಲೋಟವನ್ನೇ. ನಾನು ಇದೇ ಸಮಯವೆಂದು ಕೇಳಿದೆ. ಅಂದು ಬಾವಿಕಟ್ಟೆಯಲ್ಲಿ ಮಾವ ಹಾಗೆ ಹೇಳಿದ ಮೇಲೆ ತಾನೇ ನೀವು ಒಪ್ಪಿದ್ದು? ನಾನು ಮಾತನ್ನು ಪೂರ್ತಿಯಾಗಿ, ನಡುಕದ ಸಮೇತ, ಹೇಳಿ ತೋರಿಸಿದೆ.

ಅತ್ತೆ ಲೋಟವನ್ನು ನನ್ನ ಕೈಗಿಟ್ಟಳು. "ನಿನ್ ಮಾವನಾ? ಅಷ್ಟ್ ಮಾತಾ? ಮದಿ ಆದ್ಮೇಲೂ ಒಟ್ಟಿಗೆ ಅಷ್ಟ್ ಮಾತ್ ನಾ ಕೇಣ್ಲಿಲ್ಲೆ."

"ಹಾಂಗಾರೆ ಎಂತ ಹೇಳಿರ್?"

"ಎಂತದೂ ಇಲ್ಲೆ. ಕಂಬದ ಹಾಂಗೆ ನಿಂತಿದ್ರ್. ಕಡಿಗೆ ಎರಡ್ ಕೊಡಪಾನ ಹಿಡ್ಕಂಡ್ ಸೀದ ಗುಡ್ಡಿ ಹತ್ತದ್ದೇ. ಓಡಿಹೋದ್ರ್ ಅಂದೇ ಮಾಡಿದೆ ನಾನ್. ನಾವ್ ಹೊರಡು ಹೊತ್ತಿಗೆ ಬಂದ್ರ್. ಅಂಗಿ ಎಲ್ಲ ಚಂಡಿ, ಕೊಡಪಾನದಗೆ ಅರ್ಧ. 'ಹುಡ್ಗ ಹೊರುದೇನೋ ಹೊರ್ತಾ, ಅರ್ಧ ದಾರಿಗೆ ಚೆಲ್ತಾ' ಅಂದ್ರ್ ದೊಡ್ಡಪ್ಪ."

"ನೀವ್ ಎಂತ ಹೇಳಿದ್ದ್?"

"ಅರ್ಧ ಸಾಕ್ ದೊಡ್ಡಪ್ಪ, ಅಂದೆ."

ನನ್ನ ನೆನಪಿನ ಮಾತು ಚಂದವಿತ್ತು, ಅದನ್ನು ಬಿಟ್ಟುಕೊಡಲು ಮನಸ್ಸಾಗುತ್ತಿರಲಿಲ್ಲ. ಅತ್ತೆಯ ನೆನಪೂ ಚಂದವೇ, ಹಾಗಾಗಿ ಅದರ ಮೇಲೂ ಅನುಮಾನ. ಅಮ್ಮಮ್ಮನನ್ನು ಕೇಳಿದರೆ ಅವಳು ಆ ಹೊತ್ತಿಗೆ ಗೆಜ್ಜೆ ತಿಕ್ಕುತ್ತಿದ್ದಳಂತೆ, ಯಾರು ಎಲ್ಲಿಗೆ ಹೋದರೋ ಕಾಣಲಿಲ್ಲವಂತೆ. ಲೋಟದ ನೀರು ಕುಡಿದೆ. ಸಿಹಿಯಾಗಿತ್ತು. ಪಂಚಾಯ್ತಿಯ ನಲ್ಲಿ ಬಂದಿದೆಯಲ್ಲ, ಅದರದ್ದೇ ಇರಬೇಕು ಎಂದೆ.

"ನಲ್ಲಿ ನೀರಿಗೆ ಬ್ಲೀಚಿಂಗ್ ವಾಸ್ನಿ, ಬಾವಿಗೆ ಉಪ್ಪ್" ಎಂದಳು ಅತ್ತೆ. "ಎರಡ್ರಗೂ ನಿನ್ ಕಂಡಕ್ಟ್ರೇ."

ಅಷ್ಟರಲ್ಲಿ ಹಿಂಬಾಗಿಲಿಗೆ ಕಾಲಿನಿಂದ ಮೆಲ್ಲಗೆ ಒದ್ದ ಸದ್ದು.

"ಹ್ವಾಯ್, ಬಾಗ್ಲ್ ತೆಗಿನಿ. ಕೈ ಖಾಲಿ ಇಲ್ಲೆ."

ಹೋಗಿ ತೆಗೆದೆ. ಶೇಖರ ಮಾವ. ತಲೆಯ ಮೇಲೆ ಕೂದಲು ಅಷ್ಟಾಗಿ ಉಳಿದಿಲ್ಲ. ಎರಡು ಕೈಯಲ್ಲಿ ಎರಡು ಕೊಡಪಾನ, ಎದೆಯವರೆಗೂ ತೊಯ್ದು ಚಂಡಿಯಾದ ಅಂಗಿ, ಹಿಂದೆ ಗುಡ್ಡದ ದಾರಿಯುದ್ದಕ್ಕೂ ಮಣ್ಣಿನ ಮೇಲೆ ಒದ್ದೆ ಗೆರೆ.

"ಎಷ್ಟ್ ಉಳ್ದಿತ್?" ಅತ್ತೆ ಒಳಗಿನಿಂದಲೇ ಕೇಳಿದಳು.

ಮಾವ ಕೊಡಪಾನದೊಳಗೆ ಬಗ್ಗಿ ನೋಡಿದ.

"ಚಾಕ್ಕೆ ಸಾಕ್."